ಮಲೆನಾಡಿನಲ್ಲಿ ಹಳೇ ಏರ್ ಕೂಲ್ಡ್ ಕಾರು ಸಾಕುವುದು ಹೇಗೆ

ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ಸಾಕು, ಯಾರಾದರೂ ಬಂದು ಕೇಳೇ ಕೇಳುತ್ತಾರೆ: "ಸಾರ್, ಇದಕ್ಕೆ ನೀರು ಎಲ್ಲಿ ಹಾಕ್ತೀರಾ?" ಎಲ್ಲೂ ಹಾಕುವುದಿಲ್ಲ. ನನ್ನದು 1966ರ ಫೋಕ್ಸ್‌ವ್ಯಾಗನ್ ಬೀಟಲ್. ಎಂಜಿನ್ ಹಿಂದೆ ಇದೆ. ರೇಡಿಯೇಟರ್ ಇಲ್ಲ, ಕೂಲೆಂಟ್ ಇಲ್ಲ. ಬುಲೆಟ್ ಸಿಲಿಂಡರ್ ಸುತ್ತ ರೆಕ್ಕೆ ರೆಕ್ಕೆಯಾಗಿ ಫಿನ್ ಇರುತ್ತದಲ್ಲ, ಅದೇ ಥರ ಇದರ ನಾಲ್ಕು ಸಿಲಿಂಡರಿಗೂ ಇದೆ. ಒಂದು ದೊಡ್ಡ ಫ್ಯಾನ್ ಅದರ ಮೇಲೆ ಗಾಳಿ ಊದುತ್ತದೆ. ಅಷ್ಟೇ.

ಚಿಕ್ಕಮಗಳೂರು, ಹಾಸನ, ಸಕಲೇಶಪುರದ ಕಡೆಯಿಂದ ಇತ್ತೀಚೆಗೆ ತುಂಬ ಜನ ಕೇಳುತ್ತಿದ್ದಾರೆ, ಇಂಥದ್ದೊಂದು ತಗೋಬೇಕು, ಹೇಗೆ ನೋಡಬೇಕು, ನಮ್ಮ ಘಾಟಿಯಲ್ಲಿ ಓಡುತ್ತಾ, ನಮ್ಮ ಮಳೆಗೆ ಉಳಿಯುತ್ತಾ ಅಂತ. ಓಡುತ್ತದೆ. ಉಳಿಯುತ್ತದೆ. ಆದರೆ ಕಿವಿ ಮತ್ತು ಕೈ ಎರಡನ್ನೂ ಅದಕ್ಕೆ ಕೊಡಬೇಕು.

ಮೊದಲು ಈ ಹುಚ್ಚು ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. ಬೀಟಲ್ ವಿನ್ಯಾಸ ಮಾಡಿದವರು ಫರ್ಡಿನಾಂಡ್ ಪೋರ್ಶೆ. ಅವರ ಮಗ ಫೆರಿ 1948ರಲ್ಲಿ ಆಸ್ಟ್ರಿಯಾದ ಗ್ಮುಂಡ್ ಎಂಬ ಊರಿನಲ್ಲಿ ಇದೇ ಬೀಟಲ್‌ನ ಎಂಜಿನ್ ಮತ್ತು ಬಿಡಿಭಾಗಗಳನ್ನು ಇಟ್ಟುಕೊಂಡು ಪೋರ್ಶೆ 356 ಎಂಬ ಸ್ಪೋರ್ಟ್ಸ್ ಕಾರು ಮಾಡಿದರು. ಅದರ ಮುಂದಿನದು 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಬಂತು. ಆಗ ಅದರ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿ ಹೆಸರು ನಮ್ಮದು ಅಂತ ಪ್ಯೂಜೋ ಕಂಪನಿ ತಕರಾರು ತೆಗೆದ ಮೇಲೆ ಅದು 911 ಆಯಿತು. ಆರು ಸಿಲಿಂಡರ್, ಎರಡು ಲೀಟರ್, 130 ಅಶ್ವಶಕ್ತಿ, ನೀರಿಲ್ಲ. ಅಲ್ಲಿಂದ 1998ರವರೆಗೆ, ಅಂದರೆ 993 ಎಂಬ ಮಾದರಿ ನಿಲ್ಲುವವರೆಗೆ, 911 ಗಾಳಿಯಲ್ಲೇ ತಣ್ಣಗಾಯಿತು. ಆಮೇಲೆ ಹೊಗೆ ಮತ್ತು ಸದ್ದಿನ ಕಾನೂನು ಬಿಗಿಯಾದವು, ಸಿಲಿಂಡರಿಗೆ ನಾಲ್ಕು ವಾಲ್ವ್ ಹಾಕಿದರೆ ಹೆಡ್ಡಿನ (ವಾಲ್ವ್ ಕೂತಿರುವ, ಸಿಲಿಂಡರಿನ ಮುಚ್ಚಳದಂಥ ಭಾಗದ) ಬಿಸಿ ಇಳಿಸಲು ಗಾಳಿ ಸಾಲದು ಅಂತಾಯಿತು, ನೀರಿಗೆ ಹೋದರು.

ನೀರು ಬಂದಾಗ ಸದ್ದು ಹೋಯಿತು. ಸಿಲಿಂಡರ್ ಸುತ್ತ ನೀರಿನ ಪದರ ಇದ್ದರೆ ಒಳಗಿನ ಸದ್ದನ್ನು ಅದು ನುಂಗುತ್ತದೆ. ಏರ್ ಕೂಲ್ಡ್ ಎಂಜಿನ್ನಿಗೆ ಆ ಹೊದಿಕೆ ಇಲ್ಲ. ವಾಲ್ವನ್ನು ತಳ್ಳುವ ಟ್ಯಾಪೆಟ್, ಫ್ಯಾನ್, ಎಲ್ಲ ನೇರ ಕಿವಿಗೆ ಬರುತ್ತದೆ. ಇದಕ್ಕೇ ಜನ ಅರವತ್ತು ವರ್ಷದ ಮೇಲೂ ಸೋಲುತ್ತಿರುವುದು ಅಂತ ನನ್ನ ನಂಬಿಕೆ. ವೇಗಕ್ಕೆ ಅಲ್ಲ, ವೇಗ ಬೇಕಾದರೆ ಇವತ್ತಿನ ಮಾಮೂಲಿ ಕಾರೇ ಜಾಸ್ತಿ ಓಡುತ್ತದೆ. ಹಳೇ 911 ನಮ್ಮಲ್ಲಿ ಸುಲಭಕ್ಕೆ ಸಿಗುವ ಕಾರಲ್ಲ. ಬೀಟಲ್ ಹುಡುಕಿದರೆ ಸಿಗುತ್ತದೆ, ಬಿಡಿಭಾಗವೂ ಸಿಗುತ್ತದೆ, ಯಾಕೆಂದರೆ 2003ರಲ್ಲಿ ಮೆಕ್ಸಿಕೊದಲ್ಲಿ ಕೊನೆಯದು ಹೊರಬರುವ ಹೊತ್ತಿಗೆ 2 ಕೋಟಿ 10 ಲಕ್ಷಕ್ಕೂ ಹೆಚ್ಚು ಮಾಡಿದ್ದರು. ಹಾಗಾಗಿ ಬೀಟಲ್ ಇಟ್ಟುಕೊಂಡೇ ಹೇಳುತ್ತೇನೆ. 911 ಬೇರೆಯಾಗುವ ಕಡೆ ಹೇಳಿಬಿಡುತ್ತೇನೆ.

ಕಾರು ನೋಡಲು ಹೋಗುವಾಗ ಮಾರುವವರಿಗೆ ಹಿಂದಿನ ದಿನವೇ ಹೇಳಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ತಕ್ಷಣ ಎಂಜಿನ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ತಣ್ಣಗಿದ್ದರೆ ಕೆಳಗಿನ ದೊಡ್ಡ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಕಡೆ ಎಳೆಯಿರಿ, ಮತ್ತೆ ಒಳಕ್ಕೆ ತಳ್ಳಿ. ಆಟ ಇದ್ದೂ ಇಲ್ಲದಂತಿರಬೇಕು. ಕಟಕ್ ಅಂತ ಕೈಗೆ ಗೊತ್ತಾಗುವಷ್ಟು ಆಡಿದರೆ ಒಳಗಿನ ಮೇನ್ ಬೇರಿಂಗ್ ಕೂತಿರುವ ಜಾಗ ಸವೆದಿದೆ, ಎಂಜಿನ್ ಪೂರ್ತಿ ಬಿಚ್ಚಬೇಕು. ಬೆಲೆ ಮಾತಾಡುವಾಗ ಇದೊಂದು ಪರೀಕ್ಷೆ ಬಹಳ ದುಡ್ಡು ಉಳಿಸುತ್ತದೆ.

ಎಂಜಿನ್ ಕೆಟ್ಟರೆ ಸರಿ ಮಾಡಿಸಬಹುದು. ತುಕ್ಕು ಹಿಡಿದ ಬಾಡಿ ಹಾಗಲ್ಲ. ನಮ್ಮ ಮಳೆಯಲ್ಲಿ ನಿಂತ ಕಾರಾದರೆ ಮೇಲಿನ ಪೇಂಟ್ ನೋಡಲೇಬೇಡಿ. ಹಿಂದಿನ ಸೀಟ್ ಎತ್ತಿ, ಬ್ಯಾಟರಿ ಅಲ್ಲೇ ಇರುತ್ತದೆ, ಅದರ ಕೆಳಗಿನ ತಗಡು ತೂತಾಗಿದೆಯಾ ನೋಡಿ. ಬಾಗಿಲ ಕೆಳಗಿನ ಉದ್ದದ ಪೆಟ್ಟಿಗೆಯಂಥ ಭಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಬಡಿಯಿರಿ. ಟಣ್ ಅನ್ನಬೇಕು. ದಬ್ ಅಂದರೆ ಒಳಗೆ ಪುಟ್ಟಿ. ತೆಳ್ಳಗಿನ ಬಟ್ಟೆ ಸುತ್ತಿದ ಅಯಸ್ಕಾಂತ ಜೇಬಲ್ಲಿರಲಿ, ಪುಟ್ಟಿ ಮೆತ್ತಿದ ಕಡೆ ಅದು ಹಿಡಿಯುವುದಿಲ್ಲ.

ಸೀಟ್ ಎತ್ತಿದಾಗಲೇ ನಡುವಿನ ಉಬ್ಬಿನ ಮೇಲೆ ಕೊರೆದಿರುವ ಚಾಸಿ ನಂಬರ್ ಓದಿ, ಆರ್‌ಸಿ ಜೊತೆ ತಾಳೆ ನೋಡಿ. ಆರ್‌ಸಿ ಜೀವಂತ ಇರುವ ಕಾರನ್ನೇ ತಗೊಳ್ಳಿ, ಐದು ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಮಾಮೂಲಿಯಾಗಿ ಓಡಿಸಬಹುದು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ತಂದಿದೆ, ನಂಬರಿನಲ್ಲಿ ರಾಜ್ಯದ ಅಕ್ಷರದ ನಂತರ 'ವಿಎ' ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಅದನ್ನು ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ. ನಿಮಗೆ ಭಾನುವಾರ ಬೇಲೂರಿಗೆ ಹೋಗಿ ಬರಬೇಕು ಅಂತಿದ್ದರೆ ಇದನ್ನು ಮೊದಲೇ ಯೋಚಿಸಿ.

ಕಾರು ಮನೆಗೆ ಬಂತು. ಮೊದಲ ಕೆಲಸ ಗಾಳಿಯ ದಾರಿ. ಎಂಜಿನ್ ಸುತ್ತ ಕಪ್ಪು ತಗಡುಗಳಿರುತ್ತವೆ, ಅಂಚಿಗೆ ರಬ್ಬರ್ ಇರುತ್ತದೆ. ಹಿಂದಿನ ಮಾಲೀಕರು ಸುಮ್ನೆ ಅಡ್ಡ ಅಂತ ಒಂದೆರಡನ್ನು ಕಿತ್ತು ಹಾಕಿರುತ್ತಾರೆ. ಒಂದೂ ಬಿಡದೆ ವಾಪಸ್ ಹಾಕಿಸಿ. ಆ ತಗಡು ಇರುವುದೇ ಕೆಳಗಿನ ಬಿಸಿ ಗಾಳಿ ಮತ್ತೆ ಫ್ಯಾನಿನ ಬಾಯಿಗೆ ಬರದಂತೆ ತಡೆಯಲು.

ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಒಂದು ಮಳೆಗಾಲ ಕಾರನ್ನು ಆಲ್ದೂರಿನ ಹತ್ತಿರ ತೋಟದ ಗೋಡೌನಿನಲ್ಲಿ ನಿಲ್ಲಿಸಿದ್ದೆ. ಅಕ್ಟೋಬರ್‌ನಲ್ಲಿ ತೆಗೆದು ಓಡಿಸಿದರೆ ಎಡಗಡೆಯಿಂದ ಏನೋ ಸುಟ್ಟ ವಾಸನೆ, ಹತ್ತು ಕಿಲೋಮೀಟರಿಗೆ ಎಂಜಿನ್ ಮಿಸ್ಸಿಂಗ್. ಫ್ಯಾನಿನ ಕವಚ ಬಿಚ್ಚಿ ನೋಡಿದರೆ ಒಳಗೆ ಇಲಿ ಗೂಡು. ಸಿಲ್ವರ್ ಓಕಿನ ಒಣ ಎಲೆ, ಕಾಫಿ ಚೀಲದ ಗೋಣಿ ದಾರ, ಸೀಟಿನ ಸ್ಪಂಜು, ಎಲ್ಲ ಅಚ್ಚುಕಟ್ಟಾಗಿ ಹೆಣೆದು ಮೂರನೇ ಸಿಲಿಂಡರಿನ ಫಿನ್ ಮೇಲೆ ಕೂರಿಸಿತ್ತು. ಹೊರಗಿನಿಂದ ಒಂದು ಎಳೆಯೂ ಕಾಣುತ್ತಿರಲಿಲ್ಲ. ಆ ಹೆಡ್ ಹೋಯಿತು. ಅವತ್ತಿನಿಂದ ತಿಂಗಳಿಗಿಂತ ಹೆಚ್ಚು ನಿಂತ ಕಾರನ್ನು ಟಾರ್ಚ್ ಹಾಕಿ, ಫ್ಯಾನಿನ ಬಾಯಿಗೆ ಕೈ ಹಾಕಿ ನೋಡದೆ ಸ್ಟಾರ್ಟ್ ಮಾಡುವುದಿಲ್ಲ. ನೀವೂ ಮಾಡಬೇಡಿ.

ಈಗ ಟ್ಯಾಪೆಟ್. ಇದನ್ನು ಮಾತ್ರ ಮೆಕ್ಯಾನಿಕ್ಕಿಗೆ ಕೊಡಬೇಡಿ, ನೀವೇ ಕಲಿಯಿರಿ. ರಾತ್ರಿಯೆಲ್ಲ ನಿಂತ ತಣ್ಣಗಿನ ಎಂಜಿನ್ ಆಗಬೇಕು. ಬೆಳಿಗ್ಗೆ ಕಾಫಿ ಕುಡಿದು ಕಾರಿನ ಕೆಳಗೆ ಗೋಣಿ ಹಾಸಿಕೊಂಡು ಮಲಗಿ. ವಾಲ್ವ್ ಕವರ್ ಒಂದು ದಪ್ಪ ತಂತಿಯ ಕ್ಲಿಪ್ಪಿನಲ್ಲಿ ನಿಂತಿರುತ್ತದೆ, ಸ್ಕ್ರೂಡ್ರೈವರ್‌ನಲ್ಲಿ ಕೆಳಕ್ಕೆ ಒತ್ತಿದರೆ ಬಿಡುತ್ತದೆ, ಸ್ವಲ್ಪ ಆಯಿಲ್ ಸುರಿಯುತ್ತದೆ. ಒಂದನೇ ಸಿಲಿಂಡರ್ ಬಲಗಡೆ ಮುಂದೆ, ಎರಡನೇದು ಅದರ ಹಿಂದೆ, ಎಡಗಡೆ ಮುಂದೆ ಮೂರು, ಹಿಂದೆ ನಾಲ್ಕು. ಒಂದನೇದನ್ನು ಫೈರಿಂಗ್ ಜಾಗಕ್ಕೆ, ಅಂದರೆ ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ತುದಿಗೆ ಬರುವಲ್ಲಿಗೆ, ತಂದು ಅದರ ಎರಡೂ ವಾಲ್ವ್ ನೋಡಿ, ಆಮೇಲೆ ಪುಲ್ಲಿಯನ್ನು ಗಡಿಯಾರಕ್ಕೆ ಎದುರಾಗಿ ಅರ್ಧ ಸುತ್ತು ತಿರುಗಿಸಿದರೆ ಎರಡು, ಇನ್ನರ್ಧಕ್ಕೆ ಮೂರು, ಇನ್ನರ್ಧಕ್ಕೆ ನಾಲ್ಕು. ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು 0.15 ಮಿಲಿಮೀಟರ್ ಇರಬೇಕು. ಸಂದು ಅಳೆಯುವ ಫೀಲರ್ ಗೇಜಿನ ತೆಳು ಪಟ್ಟಿ ತೂರಿಸಿ ಎಳೆದಾಗ ದಪ್ಪ ಪುಸ್ತಕದ ನಡುವಿನಿಂದ ಚೀಟಿ ಎಳೆದಂತೆ ಹಿಡಿದೂ ಹಿಡಿಯದಂತೆ ಬರಬೇಕು. ಬೆರಳಿಗೆ ಇದು ಅಭ್ಯಾಸವಾಗಲು ಎರಡು ಮೂರು ಸಲ ಬೇಕು, ಬೇಜಾರಾಗಬೇಡಿ.

ಟಿಕ್ ಟಿಕ್ ಅನ್ನುವ ಟ್ಯಾಪೆಟ್ ಹೆದರಿಸುತ್ತದೆ, ಆದರೆ ಅದು ಕೆಡುಕಲ್ಲ. ಸದ್ದೇ ಮಾಡದ ಟ್ಯಾಪೆಟ್ಟಿಗೆ ಹೆದರಿ. ಸಂದು ಮುಚ್ಚಿದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಬಿಸಿ ಹೆಡ್ಡಿಗೆ ಇಳಿಯುವುದಿಲ್ಲ, ವಾಲ್ವ್ ಸುಡುತ್ತದೆ. ಅದಕ್ಕೇ ಒಂದು ನೋಟ್‌ಬುಕ್ ಇಡಿ, ಎಂಟು ವಾಲ್ವಿನ ಸಂದನ್ನೂ ಪ್ರತಿ ಸಲ ಬರೆಯಿರಿ. ಯಾವುದಾದರೂ ಒಂದು ಪದೇ ಪದೇ ಬಿಗಿಯಾಗುತ್ತಿದ್ದರೆ ಆ ವಾಲ್ವ್ ಉದ್ದವಾಗುತ್ತಿದೆ ಅಥವಾ ಅದು ಕೂರುವ ಹೆಡ್ಡಿನ ಸೀಟ್ ಒಳಗೆ ಹೋಗುತ್ತಿದೆ, ಮುರಿಯುವ ಮೊದಲೇ ಹೆಡ್ ತೆಗೆಸಿ. ಮೂರನೇ ಸಿಲಿಂಡರಿನ ಮೇಲೆ ವಿಶೇಷ ಕಣ್ಣಿರಲಿ, ಹಳೇ ಬೀಟಲ್‌ಗಳಲ್ಲಿ ಆಯಿಲ್ ಕೂಲರ್ ಅದರ ಗಾಳಿಗೆ ಅಡ್ಡ ನಿಂತಿರುತ್ತದೆ. ಹಳೇ 911ಗೆ ಸಂದು 0.10, ಜಾಗ ಇಕ್ಕಟ್ಟು, ವಾಲ್ವ್ ಹನ್ನೆರಡು. 993ರಲ್ಲಿ ಮಾತ್ರ ಆಯಿಲ್ ಒತ್ತಡದಿಂದ ಸಂದು ತಾನೇ ಸರಿಯಾಗುವ ಹೈಡ್ರಾಲಿಕ್ ಟ್ಯಾಪೆಟ್, ಈ ಕೆಲಸವಿಲ್ಲ.

ಆಯಿಲ್ ಬಗ್ಗೆ ಜಿಪುಣತನ ಬೇಡ. ಬೀಟಲ್ ಹಿಡಿಯುವುದು ಎರಡೂವರೆ ಲೀಟರ್ ಅಷ್ಟೇ, ಫಿಲ್ಟರ್ ಇಲ್ಲ, ಬರೀ ಒಂದು ಜಾಲರಿ. ಆ ಎರಡೂವರೆ ಲೀಟರೇ ಬಿಸಿಯನ್ನೂ ಹೊರಬೇಕು, ಕೊಳೆಯನ್ನೂ ಹೊರಬೇಕು. 5,000 ಕಿಲೋಮೀಟರ್ ಅನ್ನುವುದು ಹಳೇ ಲೆಕ್ಕ, ನಾನು ಅರ್ಧಕ್ಕೇ ಬದಲಿಸುತ್ತೇನೆ, ಟ್ಯಾಪೆಟ್ಟನ್ನೂ ಆಗಲೇ ನೋಡುತ್ತೇನೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ಲೋಳೆ ಕಂಡರೆ ಗಾಬರಿ ಬೇಡ, ನಮ್ಮ ತೇವಕ್ಕೆ ಹಾಗಾಗುತ್ತದೆ. ಕಾರನ್ನು ಮನೆಯಿಂದ ಮಾರ್ಕೆಟ್ಟಿಗೆ ಮಾತ್ರ ಓಡಿಸುತ್ತಿದ್ದೀರಿ ಅಂತ ಅರ್ಥ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ ಆಯಿಲ್ ಚೆನ್ನಾಗಿ ಕಾಯಲಿ, ನೀರು ಆವಿಯಾಗಿ ಹೋಗುತ್ತದೆ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಮಾತ್ರ ಬೇಡ, ಅದರಿಂದ ನೀರು ಜಾಸ್ತಿಯಾಗುತ್ತದೆ. 911ಗೆ ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ. ಅದರ ಮಟ್ಟ ನೋಡುವುದು ಎಂಜಿನ್ ಬಿಸಿಯಾಗಿ, ಸಮತಟ್ಟು ಜಾಗದಲ್ಲಿ, ಐಡಲ್‌ನಲ್ಲಿ ಓಡುತ್ತಿರುವಾಗ. ತಣ್ಣಗಿದ್ದಾಗ ನೋಡಿ ಕಡಿಮೆ ಇದೆ ಅಂತ ತುಂಬಿಸಿದರೆ ಹೆಚ್ಚಾಗಿ ಹೊಗೆ ಬರುತ್ತದೆ.

ಪೆಟ್ರೋಲಿನಲ್ಲಿ ಈಗ ಶೇ 20 ಎಥನಾಲ್ ಇದೆ, ಹಳೇ ರಬ್ಬರನ್ನು ಅದು ತಿನ್ನುತ್ತದೆ. ಬೀಟಲ್‌ನ ಪೆಟ್ರೋಲ್ ಪೈಪ್ ಬಿಸಿ ಎಂಜಿನ್ನಿನ ಮೇಲೆಯೇ ಹಾಯುತ್ತದೆ, ಎಂಜಿನ್ ಕೇಸ್ ಮೆಗ್ನೀಸಿಯಂ ಬೆರೆತ ಲೋಹ, ಒಮ್ಮೆ ಅದಕ್ಕೆ ಬೆಂಕಿ ಹಿಡಿದರೆ ನೀರಿಗೆ ಬಗ್ಗುವುದಿಲ್ಲ. ಕಾರು ತಂದ ವಾರದಲ್ಲೇ ಎಲ್ಲ ಪೈಪ್ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ, ಹೊಸ ಕ್ಲಿಪ್ ಹಾಕಿಸಿ, ಬೆಂಕಿ ನಂದಿಸುವ ಡ್ರೈ ಪೌಡರ್ ಸಿಲಿಂಡರ್ ಒಂದನ್ನು ಕೈಗೆಟುಕುವಲ್ಲಿ ಇಡಿ. ಇದರಲ್ಲಿ ನಾಳೆ ನೋಡೋಣ ಅನ್ನಬೇಡಿ.

ಘಾಟಿಗೆ ಬರೋಣ. ಹತ್ತುವಾಗ ಎಲ್ಲರೂ ಮಾಡುವ ತಪ್ಪು ಒಂದೇ, ಎಂಜಿನ್ನಿಗೆ ಪಾಪ ಅಂತ ಮೇಲಿನ ಗೇರಿನಲ್ಲಿ ಎಳೆಸುವುದು. ಫ್ಯಾನ್ ತಿರುಗುವುದು ಎಂಜಿನ್ ವೇಗಕ್ಕೆ ತಕ್ಕಂತೆ. ಮೂರನೇ ಗೇರಿನಲ್ಲಿ ಗುರ್ ಅಂತ ಏದುಸಿರು ಬಿಡುತ್ತಾ ಹತ್ತಿಸಿದರೆ ಬೆಂಕಿ ಜಾಸ್ತಿ, ಗಾಳಿ ಕಡಿಮೆ. ಎರಡಕ್ಕೆ ಇಳಿಸಿ, ಆಕ್ಸಿಲರೇಟರ್ ಅರ್ಧಕ್ಕೆ ಬಿಡಿ, ಎಂಜಿನ್ ಹಗುರಾಗಿ ಹಾಡಲಿ. ಸದ್ದು ಜಾಸ್ತಿ ಅನ್ನಿಸುತ್ತದೆ, ಆದರೆ ಅದಕ್ಕೆ ಅದೇ ಆರಾಮ. ಮುಳ್ಳಯ್ಯನಗಿರಿ 1,930 ಮೀಟರ್, ಅಲ್ಲಿ ಗಾಳಿ ತೆಳು, ಕಾರ್ಬುರೇಟರ್ ಪೆಟ್ರೋಲನ್ನು ಅಷ್ಟೇ ಬಿಡುವುದರಿಂದ ಪಿಕಪ್ ಸ್ವಲ್ಪ ಮಂಕಾಗುತ್ತದೆ. ಕೆಳಗೆ ಬಂದರೆ ತಾನೇ ಸರಿಹೋಗುತ್ತದೆ, ಅಲ್ಲಿ ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಬಿಡುವ ಸಣ್ಣ ತೂತು) ಮುಟ್ಟಲು ಹೋಗಬೇಡಿ.

ತಿರುವಿನಲ್ಲಿ ಇನ್ನೊಂದು ಎಚ್ಚರ. ಭಾರವೆಲ್ಲ ಹಿಂದಿನ ಚಕ್ರದ ಹಿಂದೆ. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಬಿಟ್ಟಿರೋ, ಹಿಂಭಾಗ ಹೊರಗೆ ಬೀಸುತ್ತದೆ. 911ಗೂ ಇದೇ ಗುಣ, ಅದರ ಹೆಸರು ಕೆಟ್ಟದ್ದೂ ಇದರಿಂದಲೇ, ಪ್ರೀತಿ ಬಂದದ್ದೂ ಇದರಿಂದಲೇ. ಏಷ್ಯಾ ಪೆಸಿಫಿಕ್ ರ‍್ಯಾಲಿ ನಮ್ಮ ಚಿಕ್ಕಮಗಳೂರಿನ ತೋಟಗಳಲ್ಲಿ ನಡೆದಾಗ ನಿಂತು ನೋಡಿದವರಿಗೆ ಹಿಂಭಾಗ ಬೀಸುವುದು ಅಂದರೇನು ಅಂತ ಗೊತ್ತಿದೆ. ಅವರಿಗೆ ಅದು ಕಸುಬು, ನಮಗೆ ಚಾರ್ಮಾಡಿಯಲ್ಲಿ ಪಕ್ಕಕ್ಕೆ ಪ್ರಪಾತ. ಬ್ರೇಕ್ ಏನಿದ್ದರೂ ನೇರ ರಸ್ತೆಯಲ್ಲಿರುವಾಗಲೇ ಮುಗಿಸಿ, ಗೇರ್ ಇಳಿಸಿ, ತಿರುವಿನ ಉದ್ದಕ್ಕೂ ಕಾಲನ್ನು ಹಗುರಾಗಿ ಒತ್ತಿಯೇ ಹಿಡಿಯಿರಿ. ಹಿಂದಿನ ಭಾರ ನೆಲಕ್ಕೆ ಒತ್ತಿ ಕಾರು ಅಂಟಿಕೊಂಡು ತಿರುಗುತ್ತದೆ. ಮೊದಲ ಸಲ ಹಾಗೆ ತಿರುಗಿದಾಗ ಬೆನ್ನಿಗೆ ಗೊತ್ತಾಗುವ ಆ ಒತ್ತಡ ಇದೆಯಲ್ಲ, ಅದನ್ನು ಅನುಭವಿಸಿದವರು ಈ ಕಾರುಗಳನ್ನು ಬಿಡುವುದಿಲ್ಲ.

ಓಡುವಾಗ ಮೀಟರಿನಲ್ಲಿ ಕೆಂಪು ಲೈಟ್ ಹತ್ತಿದರೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ. ಬೇರೆ ಕಾರಿನಂತೆ ಚಾರ್ಜ್ ಆಗುತ್ತಿಲ್ಲ, ಊರಿಗೆ ಹೋಗಿ ನೋಡೋಣ ಅನ್ನುವಂತಿಲ್ಲ. ಡೈನಮೊ ಮತ್ತು ಫ್ಯಾನ್ ಎರಡಕ್ಕೂ ಒಂದೇ ಬೆಲ್ಟ್. ಬೆಲ್ಟ್ ಹೋಗಿದ್ದರೆ ಗಾಳಿ ನಿಂತಿದೆ. ಡಿಕ್ಕಿಯಲ್ಲಿ ಯಾವಾಗಲೂ ಹೊಸ ಬೆಲ್ಟ್, 21ರ ಸ್ಪ್ಯಾನರ್, ದಪ್ಪ ಸ್ಕ್ರೂಡ್ರೈವರ್ ಇರಲಿ. ಪುಲ್ಲಿಯ ಕಚ್ಚಿಗೆ ಸ್ಕ್ರೂಡ್ರೈವರ್ ಕೊಟ್ಟು ನಟ್ ಬಿಚ್ಚಿದರೆ ಪುಲ್ಲಿ ಎರಡು ಹೋಳಾಗುತ್ತದೆ, ನಡುವಿನ ವಾಷರ್ ಹೆಚ್ಚು ಕಡಿಮೆ ಮಾಡಿ ಬೆಲ್ಟ್ ಬಿಗಿ ಮಾಡಬೇಕು. ಹೆಬ್ಬೆರಳಲ್ಲಿ ಒತ್ತಿದರೆ ಒಂದೂವರೆ ಸೆಂಟಿಮೀಟರ್ ಬಗ್ಗಬೇಕು. ಮನೆಯಲ್ಲಿ ಒಮ್ಮೆ ಅಭ್ಯಾಸ ಮಾಡಿಕೊಂಡರೆ ರಸ್ತೆಯಲ್ಲಿ ಹದಿನೈದು ನಿಮಿಷದ ಕೆಲಸ.

ಮಳೆಗಾಲಕ್ಕೆ ಹೆಚ್ಚೇನಿಲ್ಲ. ಪ್ಲಾಸ್ಟಿಕ್ ಟಾರ್ಪಾಲು ಹೊದಿಸಬೇಡಿ, ಒಳಗೇ ಬೆವರುತ್ತದೆ, ಗಾಳಿ ಆಡುವ ಶೆಡ್ ಸಾಕು. ಬಾಗಿಲ ಕೆಳಗಿನ ನೀರು ಹೋಗುವ ತೂತು ಕಡ್ಡಿ ಹಾಕಿ ಬಿಡಿಸಿ. ಪ್ಲಗ್ಗುಗಳಿಗೆ ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ತೇವ ಕೂತು ಸ್ಟಾರ್ಟ್ ಆಗದಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ ಹಾಕಿ.

ಮೊದಲ ದೂರದ ಓಟಕ್ಕೆ ಉಜಿರೆ ಕಡೆಯಿಂದ ಬೆಳಿಗ್ಗೆ ಬೇಗ ಹೊರಟು ಚಾರ್ಮಾಡಿ ಹತ್ತಿ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದ ಕೂಡಲೇ ಆಫ್ ಮಾಡಬೇಡಿ, ಒಂದು ನಿಮಿಷ ಐಡಲ್‌ನಲ್ಲಿ ಬಿಡಿ, ಫ್ಯಾನ್ ಬಿಸಿ ತೆಗೆಯಲಿ. ಆಮೇಲೆ ಆಫ್ ಮಾಡಿ ಹಿಂದಿನ ಮುಚ್ಚಳ ಎತ್ತಿ. ಲೋಹ ತಣ್ಣಗಾಗುತ್ತಾ ಟಿಣ್ ಟಿಣ್ ಅನ್ನುವುದು ಕೇಳುತ್ತದೆ. ಬೆಲ್ಟ್ ಮುಟ್ಟಿ ನೋಡಿ, ಕೆಳಗೆ ಆಯಿಲ್ ಹನಿ ಬಿದ್ದಿದೆಯಾ ನೋಡಿ. ತಕ್ಷಣ ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಹಿಡಿಯದೇ ಇರಬಹುದು, ಬಿಸಿಗೆ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿರುತ್ತದೆ. ಮುಚ್ಚಳ ತೆರೆದೇ ಇಟ್ಟು ಪಕ್ಕದ ಹೋಟೆಲಿಗೆ ಹೋಗಿ ನೀರು ದೋಸೆ ತಿನ್ನಿ. ಕೈ ತೊಳೆದು ಬರುವ ಹೊತ್ತಿಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ.