ಮನೆಯವರು ಊರು ಬಿಟ್ಟರೆ ನಾಯಿಗೆ ಸಮಾಧಾನ ಮಾಡುವುದು ಹೇಗೆ?

ರಜೆ ಮುಗಿಸಿದ ಅಣ್ಣನನ್ನು ಉಡುಪಿಯ ಇಂದ್ರಾಳಿ ಸ್ಟೇಷನ್ನಿನಲ್ಲಿ ಮುಂಬೈಗೆ ಹೋಗುವ ಮತ್ಸ್ಯಗಂಧ ರೈಲಿಗೆ ಹತ್ತಿಸಿ ಬಂದರೆ, ನಮ್ಮ ನಾಯಿ ಕಾಳು ಗೇಟಿನ ಹತ್ತಿರವೇ ಮಲಗಿತ್ತು. ರಾತ್ರಿ ಬಂಗುಡೆ ಕಲಸಿದ ಅನ್ನವನ್ನೂ ಮೂಸಿ ಬಿಟ್ಟಿತು. ರಸ್ತೆಯಲ್ಲಿ ಬೈಕ್ ಸದ್ದಾದರೆ ಎದ್ದು ನಿಲ್ಲುವುದು, ಮತ್ತೆ ಕುಂಯ್‌ಗುಡುವುದು. ಒಂದು ತಿಂಗಳು ಅದರ ಊಟ, ತಿರುಗಾಟ ಎಲ್ಲ ಅಣ್ಣನೇ ನೋಡಿಕೊಂಡಿದ್ದ. ನಾವು ಎಡವಿದ್ದು ಅಲ್ಲೇ.

ಮುಂಬೈಗೋ ಗಲ್ಫಿಗೋ ಹೋಗುವವರು ನಮ್ಮ ಉಡುಪಿ ಕಡೆ ಮನೆಮನೆಯಲ್ಲೂ ಇದ್ದಾರೆ. ಹೊರಡಲು ಎರಡು ವಾರ ಇರುವಾಗಲೇ ತಯಾರಿ ಶುರು ಮಾಡಿ. ಮೊದಲು ಊಟ ಹಾಕುವ ಕೆಲಸವನ್ನು ಮನೆಯಲ್ಲಿ ಉಳಿಯುವವರಿಗೆ ವಹಿಸಿ. ನಾಲ್ಕೈದು ದಿನದ ನಂತರ ಬೆಳಗಿನ ತಿರುಗಾಟವನ್ನೂ ಅವರೇ ಮಾಡಿಸಲಿ. ಅಟ್ಟದಿಂದ ಸೂಟ್‌ಕೇಸ್ ಇಳಿದರೆ ಸಾಕು, ನಾಯಿಗೆ ಗೊತ್ತಾಗುತ್ತದೆ. ಸೂಟ್‌ಕೇಸನ್ನು ಸುಮ್ನೆ ಕೆಲವು ದಿನ ಚಾವಡಿಯಲ್ಲೇ ಇಟ್ಟುಬಿಡಿ.

ಹೋಗುವವರು ಮೈಗೆ ಹಾಕಿದ ಎರಡು ಮೂರು ಬನಿಯನ್ ಒಗೆಯದೆ ಬಿಟ್ಟು ಹೋಗಲಿ. ಒಂದನ್ನು ನಾಯಿ ಮಲಗುವ ಗೋಣಿಯ ಮೇಲೆ ಹಾಸಿ, ಉಳಿದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ವಾಸನೆ ಹೋದ ಹಾಗೆ ಬದಲಿಸಬಹುದು. ನಮ್ಮ ಅಮ್ಮ ಮರುದಿನವೇ ಅದನ್ನು ಸೋಪು ಹಾಕಿ ಒಗೆದು ಒಣಹಾಕಿದ್ದರು. ಗಲೀಜು ಬಟ್ಟೆ ಜಗಲಿಯಲ್ಲಿ ಯಾಕೆ ಅಂತ!

ಊಟ ಬಿಟ್ಟಿತು ಅಂದರೆ ಎಲ್ಲವೂ ನೆನಪಿನ ಸಂಕಟ ಅಂದುಕೊಳ್ಳಬೇಡಿ. ಉಣ್ಣಿ ಕಚ್ಚಿ ಬರುವ ಜ್ವರದಲ್ಲೂ ನಾಯಿ ಹೀಗೇ ಮಂಕಾಗುತ್ತದೆ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯಾ ನೋಡಿ. ನಾಯಿಯ ಮೈ ಬಿಸಿ ಮಾಮೂಲಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ಕೈಯಿಂದ ಮುಟ್ಟಿ ಹೇಳಲಾಗದು. ಒಂದು ದಿನ ದಾಟಿದರೂ ಏನೂ ತಿನ್ನದಿದ್ದರೆ ಅಥವಾ ವಸಡು ಬಿಳಿಚಿದ್ದರೆ ಪಶುವೈದ್ಯರ ಹತ್ತಿರ ಹೋಗಿ. ಮನುಷ್ಯರ ನಿದ್ದೆ ಮಾತ್ರೆ, ಪ್ಯಾರಾಸಿಟಮಾಲ್ ಕೊಡುವ ಸಾಹಸ ಬೇಡವೇ ಬೇಡ.

ಇನ್ನು ದಿನಚರಿ. ಊಟದ ಹೊತ್ತು ತಪ್ಪಿಸಬೇಡಿ. ತಟ್ಟೆ ಇಟ್ಟು 20 ನಿಮಿಷ ಕಾಯಿರಿ, ತಿನ್ನದಿದ್ದರೆ ಎತ್ತಿಡಿ. ಉಪ್ಪು, ಮಸಾಲೆ, ನೀರುಳ್ಳಿ ಇಲ್ಲದೆ ಬೇಯಿಸಿದ ಮೀನಿನ ಮುಳ್ಳು ತೆಗೆದು, ಸಣ್ಣ ತುಂಡುಗಳನ್ನು ಅಂಗಳದಲ್ಲಿ ಅಲ್ಲಲ್ಲಿ ಅಡಗಿಸಿ. ಹುಡುಕುತ್ತಾ ಮೂಸುವ ಕೆಲಸದಲ್ಲಿ ನಾಯಿ ತನ್ನಷ್ಟಕ್ಕೇ ತಣ್ಣಗಾಗುತ್ತದೆ. ಕಾಳುಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆದದ್ದು ಇದೇ. ಸಂಜೆ ಗದ್ದೆ ಬದುವಿನಲ್ಲಿ ತಿರುಗಾಡಿಸುವಾಗಲೂ ಅವಸರ ಮಾಡಬೇಡಿ, ಬೇಕಾದಷ್ಟು ಮೂಸಲಿ. ಹಗ್ಗ ಮಾತ್ರ ಬಿಡಬಾರದು, ಗೇಟೂ ಹಾಕಿರಲಿ. ಹೋದವರನ್ನು ಹುಡುಕಿಕೊಂಡು ಹೆದ್ದಾರಿ 66ರ ತನಕ ಓಡಿದರೆ ಕಷ್ಟ ಅಲ್ವಾ?

ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ ಬಾಗಿಲು ಪರಚುವುದು, ಜೊಲ್ಲು ಸುರಿಸುವುದು, ಒಳಗೇ ಉಚ್ಚೆ ಹೊಯ್ಯುವುದು ಕಂಡರೆ ಅದು ಒಂಟಿತನದ ಭಯ. ಅದಕ್ಕೆ ಬೇರೆಯೇ ಅಭ್ಯಾಸ. ಬೀಗದ ಕೈ ಹಿಡಿದು ಹೊರಗೆ ಹೋಗಿ, 30 ಸೆಕೆಂಡಿನಲ್ಲಿ ವಾಪಸ್ ಬನ್ನಿ. ಅದು ಸರಾಗವಾದ ಮೇಲೆ ಒಂದು ನಿಮಿಷ, ಎರಡು, ಐದು. ಗಾಬರಿಯಾದರೆ ಒಂದು ಹೆಜ್ಜೆ ಹಿಂದೆ ಹೋಗಿ. ನೆಲ ಒದ್ದೆ ಮಾಡಿದ್ದಕ್ಕೆ ಬಂದು ಬೈಯಬೇಡಿ. ತಲೆ ತಗ್ಗಿಸುವುದು ತಪ್ಪೊಪ್ಪಿಕೊಂಡು ಅಲ್ಲ, ನಿಮ್ಮ ಸಿಟ್ಟಿಗೆ ಹೆದರಿ. ವಾರಗಟ್ಟಲೆ ಸುಧಾರಿಸದಿದ್ದರೆ ವೈದ್ಯರು ಭಯ ಇಳಿಸುವ ಔಷಧಿ ಕೊಡಬಲ್ಲರು.

ವಿಡಿಯೊ ಕಾಲ್ ಮಾಡಿ ನಾಯಿಗೆ ತೋರಿಸುವುದಕ್ಕೆ ನಾನಂತೂ ಒಪ್ಪುವುದಿಲ್ಲ. ಫೋನಿನಲ್ಲಿ ಅಣ್ಣ "ಕಾಳೂ" ಅಂದದ್ದೇ ತಡ, ಅದು ಮನೆಗೆ ಮೂರು ಸುತ್ತು ಬಂದು, ಮಂಚದ ಅಡಿ ಹುಡುಕಿ, ಮತ್ತೆ ಗೇಟಿನ ಹತ್ತಿರ ಹೋಗಿ ಕೂತಿತು. ಸ್ವರ ಇದೆ, ಆಳಿಲ್ಲ, ವಾಸನೆಯೂ ಇಲ್ಲ. ಈಗ ಅಣ್ಣನ ಫೋನು ಬಂದರೆ ಅಮ್ಮ ಹಿತ್ತಿಲಿಗೆ ಹೋಗಿ ಮಾತಾಡುತ್ತಾರೆ.