ದೋಣಿ ನಿಮ್ಮದಾಗಬೇಕಿಲ್ಲ: ಹಾಯಿದೋಣಿ ರೇಸಿಗೆ ಹೊಸಬರ ಮಾರ್ಗದರ್ಶಿ

ಸರೋವರವೋ ಕೊಲ್ಲಿಯೋ ಇರುವ ಊರಿಗೆ ಕೆಲಸದ ಮೇಲೆ ಬಂದು ನೆಲೆಸಿದ್ದರೆ, ಬೇಸಿಗೆಯಲ್ಲಿ ವಾರದ ನಡುವಿನ ಸಂಜೆ ನೀರಿನ ಮೇಲೆ ಹಾಯಿಗಳ ಸಾಲು ಕಂಡೀತು. ಶ್ರೀಮಂತರ ಆಟ, ನಮಗೇಕೆ ಎಂದು ಮುಂದೆ ಹೋಗಬೇಡಿ. ದೋಣಿ ಒಬ್ಬರದೇ ಆದರೂ ರೇಸ್ ಓಡಿಸಲು ನಾಲ್ಕೈದು ಜನ ಬೇಕು. ಅವರಲ್ಲಿ ಯಾರಿಗಾದರೂ ಆಗಾಗ ಏನಾದರೊಂದು ಅಡ್ಡಿ ಬರುತ್ತಲೇ ಇರುತ್ತದೆ. ಹೊಸಬರು ಒಳಗೆ ಬರುವುದು ಆ ಖಾಲಿ ಜಾಗದಿಂದಲೇ.

ಸಣ್ಣ ದೋಣಿಯನ್ನೇ ಹುಡುಕಿ. ಹತ್ತು ಜನರ ದೋಣಿಯಲ್ಲಿ ಹೊಸಬರನ್ನು ಭಾರಕ್ಕೆಂದು ಅಂಚಿನಲ್ಲಿ ಕೂರಿಸಿಬಿಡುತ್ತಾರೆ, ಋತುವೆಲ್ಲ ಕಳೆದರೂ ಕೈಗೆ ಹಗ್ಗ ಸಿಗುವುದಿಲ್ಲ. ಜೆ/24 ಎಂಬ ಮಾದರಿಯ ದೋಣಿ ಸುಮಾರು 7.3 ಮೀಟರ್ ಉದ್ದದ್ದು, ಐದು ಜನ ಓಡಿಸುತ್ತಾರೆ. ಜೆ/70 ಇನ್ನೂ ಚಿಕ್ಕದು, 6.93 ಮೀಟರ್, ನಾಲ್ಕು ಜನ ಸಾಕು. ಇಂಥ ದೋಣಿಯಲ್ಲಿ ಸುಮ್ಮನೆ ಕೂರುವವರೇ ಇಲ್ಲ. ನಾಲ್ವರಿದ್ದರೆ ಚುಕ್ಕಾಣಿ ಒಬ್ಬರ ಕೈಲಿ, ಮುಖ್ಯ ಹಾಯಿ ಮತ್ತು ದಾರಿಯ ಲೆಕ್ಕಾಚಾರ ಇನ್ನೊಬ್ಬರದು, ಮುಂದಿನ ಹಾಯಿ ಜಿಬ್ ಮೂರನೆಯವರದು, ಮೂತಿಯ, ಅಂದರೆ ದೋಣಿಯ ಮುಂತುದಿಯ ಕೆಲಸ ನಾಲ್ಕನೆಯವರದು. ಒಬ್ಬರು ತಡ ಮಾಡಿದರೆ ಉಳಿದವರಿಗೆಲ್ಲ ಅದು ಕೂಡಲೇ ಗೊತ್ತಾಗುತ್ತದೆ. ನಾಲ್ವರ ಕೆಲಸ ಕೂಡಿಬಂದಾಗ ದೋಣಿ ವೇಗ ಕಳೆದುಕೊಳ್ಳದೆ ತಿರುಗುವುದು ಮೈಗೇ ತಿಳಿಯುತ್ತದೆ. ಈ ಆಟದ ಸುಖ ಹೆಚ್ಚಿನ ಪಾಲು ಅದೇ.

ಹೆಚ್ಚಿನ ಸೇಲಿಂಗ್ ಕ್ಲಬ್ಬುಗಳಲ್ಲಿ ಕ್ರೂ (ದೋಣಿ ಓಡಿಸುವ ತಂಡ) ಬೇಕಾದವರ, ಕ್ರೂ ಆಗಬಯಸುವವರ ಪಟ್ಟಿ ಇರುತ್ತದೆ. ಅದರಲ್ಲಿ ಹೆಸರು ಬರೆಸಿ. ಯಾವ ಸಂಜೆ ಬಿಡುವು, ಅನುಭವ ಎಷ್ಟು ಎಂಬುದನ್ನು ಇದ್ದದ್ದು ಇದ್ದ ಹಾಗೆ ತಿಳಿಸಿ. ದೇಹದ ತೂಕ ಕೇಳಿದರೆ ಬೇಸರ ಬೇಡ. ಜೆ/24 ವರ್ಗದಲ್ಲಿ ಇಡೀ ಕ್ರೂ ತೂಕ 400 ಕಿಲೋ ಮೀರಬಾರದೆಂಬ ನಿಯಮವೇ ಇದೆ. ಈಜು ಬಾರದಿದ್ದರೆ ಮುಚ್ಚಿಡಬೇಡಿ, ದಡದಲ್ಲಿರುವಾಗಲೇ ಲೈಫ್ ಜಾಕೆಟ್‌ನ ಪಟ್ಟಿಗಳನ್ನು ಬಿಗಿದುಕೊಳ್ಳಿ. ತಣ್ಣೀರಿಗೆ ಹಠಾತ್ತನೆ ಬಿದ್ದಾಗ ಮೊದಲ ಒಂದೆರಡು ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ಈಜುಗಾರರಿಗೂ ಅಷ್ಟೇ.

ಉಡುಪಿನಲ್ಲಿ ಹತ್ತಿ ಬೇಡ, ಒದ್ದೆಯಾದರೆ ಮೈಯ ಬಿಸಿ ಹೀರುತ್ತದೆ. ಉಣ್ಣೆ ಅಥವಾ ಬೇಗ ಒಣಗುವ ಬಟ್ಟೆ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಡೆಕ್ಕಿನ ಮೇಲೆ ಗುರುತು ಬಿಡದ ಅಡಿಯ ಶೂ ಇರಲಿ. ಕಪ್ಪು ಅಡಿಯ ಬೂಟು ಹಾಕಿಕೊಂಡು ಹೋದರೆ ಮಾಲೀಕರ ಮುಖ ಅಲ್ಲೇ ಬಾಡುತ್ತದೆ. ಬೆರಳ ತುದಿ ತೆರೆದ ಕೈಗವಸು, ದಾರ ಕಟ್ಟಿದ ಟೋಪಿ, ಕುಡಿಯುವ ನೀರು, ಇಷ್ಟಾದರೆ ಆಯಿತು.

ಮೊದಲು ನಿಮ್ಮ ಕೈಗೆ ಕೊಡುವುದು ಬಹುಶಃ ಜಿಬ್ ಶೀಟ್, ಅಂದರೆ ಜಿಬ್ ಹಾಯಿಯನ್ನು ಎಳೆದು ಬಿಡುವ ಹಗ್ಗ. ಹಾಯಿದೋಣಿ ಗಾಳಿಗೆ ನೇರ ಎದುರು ಹೋಗಲಾರದು. ಸುಮಾರು 45 ಡಿಗ್ರಿ ಓರೆಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತ ಗಾಳಿ ಬರುವ ಕಡೆಗೆ ಸಾಗುತ್ತದೆ. ಆ ಹೊರಳುವಿಕೆಯೇ ಟ್ಯಾಕ್. ರೇಸಿನಲ್ಲಿ ಹತ್ತಾರು ಸಲ ಬರುವ ಇದನ್ನು ಸರಿಯಾಗಿ ಕಲಿತರೆ ಅರ್ಧ ಕೆಲಸ ಬಂದಂತೆ.

ಟ್ಯಾಕ್‌ಗೆ ಮುಂಚೆ ಹೊಸ ಬದಿಯ ವಿಂಚಿಗೆ (ಹಗ್ಗ ಸುತ್ತಿ ಎಳೆಯುವ ಉರುಳೆ) ಆ ಬದಿಯ ಹಗ್ಗವನ್ನು ಗಡಿಯಾರದ ದಿಕ್ಕಿನಲ್ಲಿ ಎರಡು ಸುತ್ತು ಹಾಕಿ, ಜೋಲು ಎಳೆದಿಡಿ. ದೋಣಿಯ ನಾಯಕ, ಅಂದರೆ ಸ್ಕಿಪ್ಪರ್, ಸಿದ್ಧರೇ ಎಂದು ಕೇಳಿದಾಗ ಜೋರಾಗಿ ಉತ್ತರಿಸಿ, ತಲೆಯಾಡಿಸಿದರೆ ಹಿಂದೆ ಕೂತವರಿಗೆ ಕಾಣದು. ಮೂತಿ ಗಾಳಿಯತ್ತ ತಿರುಗಿ ಜಿಬ್‌ನ ಮುಂಚೂಣಿ ಅಂಚು ಪಟಪಟ ಬಡಿಯತೊಡಗಿದ ಕ್ಷಣದಲ್ಲಿ ಹಳೆಯ ಬದಿಯ ಹಗ್ಗವನ್ನು ಬಿಡಬೇಕು. ಮುಂಚೆಯೇ ಬಿಟ್ಟರೆ ವೇಗ ಬೀಳುತ್ತದೆ. ತಡವಾದರೆ ಗಾಳಿ ಹಾಯಿಯ ತಪ್ಪು ಮುಖಕ್ಕೆ ಬಡಿದು ಮೂತಿಯನ್ನು ಅತಿಯಾಗಿ ತಳ್ಳುತ್ತದೆ, ದೋಣಿ ವಾಲಿ ನಿಲ್ಲುತ್ತದೆ. ಆಮೇಲೆ ಹೊಸ ಬದಿಯಲ್ಲಿ ಹಾಯಿಗೆ ಗಾಳಿ ತುಂಬುವ ಮೊದಲೇ ಎರಡೂ ಕೈಯಲ್ಲಿ ಬೇಗ ಬೇಗ ಎಳೆಯಿರಿ. ಭಾರ ಬಂದ ಮೇಲೆ ಮೂರನೆಯ, ನಾಲ್ಕನೆಯ ಸುತ್ತು, ಕೊನೆಯ ಒಂದಿಷ್ಟಕ್ಕೆ ಮಾತ್ರ ವಿಂಚ್ ತಿರುಗಿಸುವ ಹಿಡಿಕೆ.

ಹೊಸಬರು ಮೊದಲೇ ನಾಲ್ಕು ಸುತ್ತು ಹಾಕಿ ಎಳೆಯುತ್ತಾರೆ. ಆಗ ಒಂದು ಸುತ್ತು ಇನ್ನೊಂದರ ಮೇಲೇರಿ ಕಚ್ಚಿಕೊಳ್ಳುತ್ತದೆ, ಎಳೆದಷ್ಟೂ ಬಿಗಿಯಾಗುತ್ತದೆ. ಅದನ್ನು ಬೆರಳಿನಿಂದ ಬಿಡಿಸಲು ಹೋಗಬೇಡಿ. ಸ್ಕಿಪ್ಪರಿಗೆ ಕೂಗಿ ಹೇಳಿ. ಜಾಗವಿದ್ದರೆ ಮತ್ತೊಮ್ಮೆ ಟ್ಯಾಕ್ ಮಾಡುತ್ತಾರೆ, ಹಗ್ಗದ ಭಾರ ಇಳಿದು ಸುತ್ತು ತಾನೇ ಸಡಿಲವಾಗುತ್ತದೆ. ಹಗ್ಗ ಬಿಡುವಾಗಲೂ ಬೆರಳು ವಿಂಚಿನಿಂದ ಒಂದು ಗೇಣು ದೂರವಿರಲಿ.

ಹಾಯಿ ಸರಿ ಇದೆಯೇ ಎಂದು ತಿಳಿಯಲು ಜಿಬ್‌ನ ಎರಡು ಮುಖಕ್ಕೂ ಅಂಟಿಸಿದ ಉಣ್ಣೆ ಎಳೆಗಳನ್ನು ನೋಡಿ. ಎರಡೂ ಹಿಂದಕ್ಕೆ ನೆಟ್ಟಗೆ ಹರಿಯುತ್ತಿದ್ದರೆ ಸರಿ. ಗಾಳಿ ಬರುವ ಬದಿಯದು ಕುಣಿದರೆ ಹಗ್ಗ ಎಳೆಯಿರಿ, ಇಲ್ಲವೇ ಚುಕ್ಕಾಣಿಯವರು ಮೂತಿಯನ್ನು ಗಾಳಿಯಿಂದ ತುಸು ಆಚೆ ತಿರುಗಿಸಲಿ. ಆಚೆ ಬದಿಯದು ಕುಣಿದರೆ ಎಳೆದದ್ದು ಹೆಚ್ಚಾಗಿದೆ, ಸಡಿಲಿಸಿ.

ಕೈ ಬಿಡುವಾದ ಕೂಡಲೇ ಗಾಳಿ ಬರುವ ಬದಿಯ ಅಂಚಿಗೆ ಹೋಗಿ ಕೂತು ಮೈಯನ್ನು ಹೊರಚಾಚಿ. ದೋಣಿ ಹೆಚ್ಚು ವಾಲಿದಷ್ಟೂ ಪಕ್ಕಕ್ಕೆ ಜಾರುತ್ತದೆ. ಗಾಳಿ ತೀರ ಕಡಿಮೆಯಿದ್ದಾಗ ಇದು ತಲೆಕೆಳಗು: ಎಲ್ಲರೂ ಎದುರು ಬದಿಗೆ ಸರಿದು ದೋಣಿಯನ್ನು ಬೇಕೆಂದೇ ವಾಲಿಸಬೇಕು, ಆಗ ಹಾಯಿ ತನ್ನ ಭಾರದಿಂದಲೇ ಆಕಾರ ಹಿಡಿಯುತ್ತದೆ. ಬೆಕ್ಕಿನ ಹೆಜ್ಜೆ ಇಡಿ. ಧಡಧಡ ಓಡಾಡಿದರೆ ಇದ್ದ ವೇಗವೂ ಹೋಯಿತು.

ಶುರುವಿನ ಲೆಕ್ಕ ಐದು, ನಾಲ್ಕು, ಒಂದು, ಸೊನ್ನೆ. ಐದು ನಿಮಿಷಕ್ಕೆ ವರ್ಗದ ಬಾವುಟ ಏರುತ್ತದೆ, ನಾಲ್ಕಕ್ಕೆ ಸಿದ್ಧತೆಯ ಬಾವುಟ, ಅದು ಒಂದು ನಿಮಿಷಕ್ಕೆ ಇಳಿಯುತ್ತದೆ, ಸೊನ್ನೆಗೆ ರೇಸ್ ಶುರು. ಆ ಐದು ನಿಮಿಷ ಹರಟೆ ನಿಲ್ಲಿಸಿ. ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಸೇಲಿಂಗ್ ನಾಲ್ಕು ವರ್ಷಕ್ಕೊಮ್ಮೆ ನಿಯಮ ಪರಿಷ್ಕರಿಸುತ್ತದೆ, ಈಗಿನದು 2025–2028ರದು. ಮೊದಲ ದಿನಕ್ಕೆ ಎರಡು ನಿಯಮ ಸಾಕು. ಗಾಳಿ ದೋಣಿಯ ಎಡಬದಿಯಿಂದ ಬರುತ್ತಿದ್ದರೆ, ಬಲಬದಿಯಿಂದ ಗಾಳಿ ಪಡೆಯುತ್ತಿರುವ ದೋಣಿಗೆ ದಾರಿ ಬಿಡಬೇಕು. ಇಬ್ಬರಿಗೂ ಒಂದೇ ಬದಿಯಿಂದ ಗಾಳಿಯಿದ್ದು ದೋಣಿಗಳು ಅಕ್ಕಪಕ್ಕ ಬಂದರೆ, ಗಾಳಿಗೆ ಹತ್ತಿರವಿರುವವರು ಸರಿಯಬೇಕು. ಜಿಬ್‌ನ ಹಿಂದೆ ಬರುವ ದೋಣಿ ಚುಕ್ಕಾಣಿಯವರಿಗೆ ಕಾಣುವುದಿಲ್ಲ. ಹಾಯಿಯ ಕೆಳಗೆ ಇಣುಕಿ ಕೂಗಿ ಹೇಳುವ ಕೆಲಸ ಕ್ರೂನದೇ, ಹೊಸಬರೂ ಸಂಕೋಚವಿಲ್ಲದೆ ಮಾಡಬಹುದು.

ಗಾಳಿಯ ಜೊತೆ ಇಳಿಯುವಾಗ ಏರಿಸುವ ಸ್ಪಿನೇಕರ್ ಎಂಬ ಉಬ್ಬಿದ ದೊಡ್ಡ ಹಾಯಿ ಕಣ್ಣಿಗೆ ಹಬ್ಬ, ಕೈಗೆ ತಲೆನೋವು. ಅದು ಮೇಲೇರಿ ನಡುವೆ ತಿರುಚಿಕೊಂಡರೆ ಎಷ್ಟೋ ಸಲ ತಪ್ಪು ಹಾಯಿಯನ್ನು ಚೀಲಕ್ಕೆ ತುಂಬಿದ ರೀತಿಯಲ್ಲಿರುತ್ತದೆ. ಮೇಲಿನ ಮೂಲೆಯಿಂದ ಎರಡೂ ಅಂಚುಗಳ ಮೇಲೆ ಕೈಯಾಡಿಸಿ, ಒಂದನ್ನೊಂದು ದಾಟಿಲ್ಲವೆಂದು ಖಾತ್ರಿ ಮಾಡಿಕೊಂಡೇ ತುಂಬಿ. ಇಳಿಸುವ ಮೊದಲು ಏರಿಸಿದ ಹಗ್ಗದ ಬಾಲ ಗಂಟಿಲ್ಲದೆ ಬಿದ್ದಿದೆಯೇ ನೋಡಿ. ಗಂಟು ಸಿಕ್ಕಿದರೆ ಹಾಯಿ ಅರ್ಧದಲ್ಲೇ ನಿಂತು, ಮಾರ್ಕ್ (ದೋಣಿಗಳು ಸುತ್ತಿ ತಿರುಗಬೇಕಾದ ಗುರುತು) ದಾಟಿದರೂ ದೋಣಿ ತಿರುಗದು. ಈ ಹಾದಿಯಲ್ಲಿ ಬೂಮ್, ಅಂದರೆ ಮುಖ್ಯ ಹಾಯಿಯ ಕೆಳಗಿನ ಅಡ್ಡಕೋಲು, ಇದ್ದಕ್ಕಿದ್ದಂತೆ ಆಚೆ ಬದಿಗೆ ಬೀಸಿ ಬರಬಹುದು. ತಲೆ ಯಾವಾಗಲೂ ಅದರ ಎತ್ತರಕ್ಕಿಂತ ಕೆಳಗಿರಲಿ.

ದಡಕ್ಕೆ ಬಂದ ಮೇಲೆ ಹಾಯಿ ಮಡಚಿ, ಹಗ್ಗ ಸುತ್ತಿ, ಉಪ್ಪುನೀರಾದರೆ ಸಿಹಿನೀರಿನಲ್ಲಿ ತೊಳೆಯುವವರೆಗೂ ನಿಲ್ಲಿ. ಮುಂದಿನ ವಾರ ಬರುತ್ತೀರೋ ಇಲ್ಲವೋ ಎಂದು ಅಲ್ಲೇ ಹೇಳಿ ಹೋಗಿ. ಒಪ್ಪಿಕೊಂಡು ಅಂದು ಮಧ್ಯಾಹ್ನ ಕೈಕೊಟ್ಟರೆ ಉಳಿದ ಮೂವರ ಸಂಜೆಯೂ ಕೆಡುತ್ತದೆ, ಎರಡನೆಯ ಕರೆ ಬರುವುದಿಲ್ಲ.