ಹಾವಿನ ಮರಿಗೆ ಮೊದಲ ಊಟ: ತುರುಕಬೇಡಿ, ಕಾಯಿರಿ

ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ನನಗೆ ಒಂದೇ ತರಹದ ಫೋನು ಬರುತ್ತವೆ. "ಮರಿ ತಂದು ನಾಲ್ಕು ದಿನ ಆಯ್ತು, ಏನೂ ಮುಟ್ಟುತ್ತಿಲ್ಲ. ಬಾಯಿ ತೆರೆದು ಒಳಗೆ ಇಡಲಾ?" ಅಮೆರಿಕದಲ್ಲಿ ಕಾರ್ನ್ ಸ್ನೇಕ್ ಮರಿಗಳು ಮೊಟ್ಟೆಯೊಡೆದು ಬರುವ ಕಾಲ ಅದು. ಡಲ್ಲಾಸ್ ಸುತ್ತಮುತ್ತ ನಮ್ಮ ಕನ್ನಡದವರ ಮನೆಗಳಿಗೂ ಮಕ್ಕಳ ಹಟಕ್ಕೆ ಒಂದೊಂದು ಬರುತ್ತದೆ. ಹದಿನಾಲ್ಕು ವರ್ಷದಿಂದ ಈ ಹಾವುಗಳನ್ನು ಸಾಕುತ್ತಿದ್ದೇನೆ. ಮರಿಗಳು ಹಸಿವಿನಿಂದ ಸತ್ತಿದ್ದನ್ನು ನೋಡಿದ್ದು ಕಡಿಮೆ. ಮನೆಯವರ ಗಾಬರಿಯಿಂದ ಸತ್ತಿದ್ದನ್ನು ನೋಡಿದ್ದೇ ಜಾಸ್ತಿ.

ಊರಲ್ಲಿ ಕೂತು ಓದುತ್ತಿರುವವರಿಗೆ ಮೊದಲೇ ಒಂದು ಮಾತು. ಹಿತ್ತಲಲ್ಲಿ ಸಿಕ್ಕ ಕೇರೆಹಾವನ್ನೋ ಹೆಬ್ಬಾವಿನ ಮರಿಯನ್ನೋ ಡಬ್ಬಿಗೆ ಹಾಕಿ ಇದನ್ನೆಲ್ಲ ಪ್ರಯೋಗ ಮಾಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಈ ಲೇಖನ ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್ ಬಗ್ಗೆ ಮಾತ್ರ. ವಿಷವಿಲ್ಲದ ಹಾವು. ಹೊಟ್ಟೆಯ ಮೇಲೆ ಚದುರಂಗದ ಹಾಸಿನಂತೆ ಕಪ್ಪು ಬಿಳಿ ಚೌಕಗಳಿರುತ್ತವೆ. ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುತ್ತದೆ.

ಮೊದಲು ಮನೆ, ಆಮೇಲೆ ಊಟ

ಮರಿ ತಂದ ದಿನದಿಂದ ಐದಾರು ದಿನ ಅದನ್ನು ಮುಟ್ಟಬೇಡಿ. ಶೂ ಡಬ್ಬಿಯಷ್ಟು ದೊಡ್ಡ, ಗಾಳಿ ತೂತಿರುವ ಪ್ಲಾಸ್ಟಿಕ್ ಡಬ್ಬಿ ಸಾಕು. ಬಚ್ಚಿಟ್ಟುಕೊಳ್ಳಲು ಎರಡು ಮರೆ, ಒಂದು ನೀರಿನ ಬಟ್ಟಲು ಇಡಿ. ದೊಡ್ಡ ಗಾಜಿನ ತೊಟ್ಟಿ ನೋಡಲು ಚೆಂದ, ಆದರೆ ಪೆನ್ಸಿಲ್‌ನಷ್ಟು ದಪ್ಪದ ಮರಿಗೆ ಅದು ಬಟಾಬಯಲು. ಹೆದರಿದ ಹಾವು ತಿನ್ನುವುದಿಲ್ಲ.

ಡಬ್ಬಿಯ ಒಂದು ತುದಿ 28ರಿಂದ 30 ಡಿಗ್ರಿ ಸೆಲ್ಸಿಯಸ್ ಇರಲಿ, ಇನ್ನೊಂದು ತುದಿ 24ರ ಆಸುಪಾಸು. ಹಾವಿನ ಜೀರ್ಣಶಕ್ತಿ ಹೊರಗಿನ ಬಿಸಿಯನ್ನೇ ನಂಬಿಕೊಂಡಿದೆ. "ತಿಂತಿಲ್ಲ" ಅಂತ ಫೋನು ಬಂದಾಗಲೆಲ್ಲ ನಾನು ಮೊದಲು ಕೇಳುವುದು ಇದನ್ನೇ. ಅರ್ಧಕ್ಕರ್ಧ ಸಲ ತಪ್ಪು ಅಲ್ಲೇ ಇರುತ್ತದೆ. ಗೋಡೆಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರ್ ನಂಬಬೇಡಿ. ತಂತಿ ಇರುವ ಡಿಜಿಟಲ್ ತಂದು, ತಂತಿಯ ತುದಿಯನ್ನು ಹಾವು ಮಲಗುವ ನೆಲದ ಮೇಲೇ ಇಡಿ. ಡಬ್ಬಿಯ ಅಡಿಗೆ ಹಾಕುವ ಹೀಟ್ ಮ್ಯಾಟ್‌ಗೆ (ಕರೆಂಟಿನಿಂದ ಬಿಸಿಯಾಗುವ ಹಾಸು) ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇರಲೇಬೇಕು. ಅಂಗಡಿಯಲ್ಲಿ ಮಾರುವ ಬಿಸಿಯಾಗುವ ಕಲ್ಲು ಅಂತೂ ಬೇಡವೇ ಬೇಡ. ಅದರ ಮೇಲೆ ಮಲಗಿ ಹೊಟ್ಟೆ ಸುಟ್ಟುಕೊಂಡ ಹಾವನ್ನು ನಾನು ಕಣ್ಣಾರೆ ನೋಡಿದ್ದೇನೆ.

ಏನು, ಎಷ್ಟು

ಹುಟ್ಟಿ ವಾರ, ಹತ್ತು ದಿನಕ್ಕೆ ಮರಿ ಮೊದಲ ಪೊರೆ ಬಿಡುತ್ತದೆ. ಅಲ್ಲಿಯವರೆಗೆ ಊಟ ಬೇಡ. ಆಮೇಲೆ ವಾರಕ್ಕೊಂದು ಪಿಂಕಿ, ಅಂದರೆ ಕೂದಲು ಬಾರದ, ಕಣ್ಣು ಬಿಡದ ಇಲಿಮರಿ, ಸತ್ತು ಫ್ರೀಜ್ ಆಗಿದ್ದು. ಹಾವಿನ ಮೈ ಎಲ್ಲಿ ಹೆಚ್ಚು ದಪ್ಪವೋ ಅಷ್ಟೇ ದಪ್ಪ ಇರಲಿ, ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಇಡೀ ಪ್ರಾಣಿಯನ್ನೇ ನುಂಗುವುದರಿಂದ ವಿಟಮಿನ್ ಪುಡಿಗೆ ದುಡ್ಡು ಹಾಕಬೇಡಿ. ಕೋಳಿ ತುಂಡು, ಹಾಲು, ಮೊಟ್ಟೆ ಯಾವುದೂ ಬೇಡ.

ಕರಗಿಸುವುದು

ಹಿಂದಿನ ರಾತ್ರಿ ಮುಚ್ಚಳದ ಡಬ್ಬಿಯಲ್ಲಿಟ್ಟು ಫ್ರಿಜ್‌ನ ಕೆಳಗಿನ ಭಾಗಕ್ಕೆ ಇಳಿಸಿ. ಕೊಡುವ ಹೊತ್ತಿಗೆ ಜಿಪ್ ಚೀಲಕ್ಕೆ ಹಾಕಿ ಬಿಸಿನೀರಲ್ಲಿ ಹತ್ತು ನಿಮಿಷ ಇಡಿ. ಕೈ ಇಟ್ಟರೆ ತಡೆಯುವಷ್ಟು ಬಿಸಿ ಸಾಕು, ಕುದಿಯುವ ನೀರು ಬೇಡ. ಆಮೇಲೆ ಹೊಟ್ಟೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಒಳಗೆ ತಣ್ಣನೆಯ ಗಂಟು ಸಿಕ್ಕರೆ ಇನ್ನೂ ಐದು ನಿಮಿಷ. ಟಿಶ್ಯೂನಲ್ಲಿ ಒರೆಸಿ ಕೊಡಿ.

ಮೈಕ್ರೋವೇವ್ ಬೇಡ. ಒಂದು ಕಡೆ ಬೆಂದು, ಇನ್ನೊಂದು ಕಡೆ ಮಂಜುಗಡ್ಡೆಯಾಗೇ ಇದ್ದು, ಹೊಟ್ಟೆ ಒಡೆಯುತ್ತದೆ. ಅದೂ ಅಲ್ಲದೆ ಅದು ನೀವು ಅನ್ನ ಬಿಸಿ ಮಾಡುವ ಜಾಗ. ಸಾಲ್ಮೊನೆಲ್ಲಾ ರೋಗಾಣು ಫ್ರೀಜರ್‌ನಲ್ಲಿ ಸಾಯುವುದಿಲ್ಲ. ಫ್ರೀಜ್ ಮಾಡಿದ ಇಲಿಗಳಿಂದ ಅಮೆರಿಕದಲ್ಲಿ ಜನರಿಗೇ ಕಾಯಿಲೆ ಹರಡಿದ್ದುಂಟು. ಇಲಿಗೆ ಬೇರೆ ಡಬ್ಬಿ, ಬೇರೆ ಪಾತ್ರೆ, ಸಾಧ್ಯವಾದರೆ ಬೇರೆಯೇ ಸಣ್ಣ ಫ್ರಿಜ್ ಇಟ್ಟುಕೊಳ್ಳಿ. ಊರಿಂದ ಅತ್ತೆ ಬಂದು ಬಟಾಣಿ ಹುಡುಕಲು ಫ್ರೀಜರ್ ತೆರೆದ ದಿನದಿಂದ ನಮ್ಮ ಮನೆಯ ಇಲಿಗಳು ಗ್ಯಾರೇಜಿಗೆ ಹೋಗಿವೆ. ಅವರು ಹೇಳಿದ್ದು ಸರಿಯೇ ಇತ್ತು. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಐದು ವರ್ಷದೊಳಗಿನ ಮಕ್ಕಳ ಕೈಗೆ ಹಾವೂ ಬೇಡ, ಇಲಿಯೂ ಬೇಡ.

ಕೊಡುವುದು, ಅದು ಬೇಡ ಅನ್ನುವುದು

ಜನ ಎಡವುವುದು ಇಲ್ಲೇ.

ಸಂಜೆ ಕೊಡಿ. ದೀಪ ಮಂಕಾಗಿರಲಿ, ಟಿವಿ ಆರಿಸಿ, ಮಕ್ಕಳು ದೂರ ಕೂತು ನೋಡಲಿ. ಉದ್ದನೆಯ ಇಕ್ಕಳದಲ್ಲಿ ಪಿಂಕಿಯ ಹಿಂಭಾಗ ಹಿಡಿದು, ತಲೆ ಹಾವಿನ ಕಡೆ ಬರುವಂತೆ ಪಕ್ಕದಿಂದ ತನ್ನಿ. ಮೇಲಿಂದ ಬರುವುದೆಲ್ಲ ಅದರ ಪಾಲಿಗೆ ಹದ್ದು. ಮೂತಿಗೆ ತಾಗಿಸಬೇಡಿ. ಎರಡು ಇಂಚು ದೂರದಲ್ಲಿ ಸ್ವಲ್ಪವೇ ಅಲುಗಿಸಿ.

ಈಗ ಹಾವನ್ನು ನೋಡಿ. ನಾಲಿಗೆ ನಿಧಾನವಾಗಿ ಹೊರಗೆ ಬಂದು ಒಳಗೆ ಹೋಗುತ್ತಿದೆಯೇ? ಕುತ್ತಿಗೆ ಅಲುಗದೆ ಇಲಿಯ ಕಡೆಗೇ ತಿರುಗಿದೆಯೇ? ಹಾಗಾದರೆ ಅದಕ್ಕೆ ಹಸಿವಾಗಿದೆ. ಕೈ ನಡುಗಿಸದೆ ನಿಲ್ಲಿ. ಬಾಲದ ತುದಿ ಪಟಪಟ ಅದುರುತ್ತಿದ್ದರೆ, ಕುತ್ತಿಗೆ ಹಿಂದಕ್ಕೆ ಎಳೆದುಕೊಂಡು ಹೊಡೆದು ತಕ್ಷಣ ಬಿಟ್ಟರೆ, ಅದು ಹಸಿವಲ್ಲ, ಭಯ. "ನೋಡಿ, ಕಚ್ಚಿತು!" ಅಂತ ಖುಷಿಪಟ್ಟು ಮತ್ತೆ ಮತ್ತೆ ಮುಂದೆ ಆಡಿಸುವವರಿದ್ದಾರೆ. ಹಾಗೆ ಮಾಡಿದರೆ ಇಲಿ ಅಂದರೇ ಹೆದರುವುದನ್ನು ನೀವೇ ಕಲಿಸಿದಂತೆ. ಇಲಿಯನ್ನು ಮರೆಯ ಬಾಯಲ್ಲಿ ಇಟ್ಟು ಹೊರಟುಬಿಡಿ. ಬೆಳಿಗ್ಗೆ ಹಾಗೇ ಇದ್ದರೆ ಎಸೆಯಿರಿ, ಮತ್ತೆ ಫ್ರೀಜ್ ಮಾಡಬೇಡಿ.

ಮುಂದಿನ ಪ್ರಯತ್ನ ಐದು ದಿನ ಬಿಟ್ಟು. ನಾಳೆ ಅಲ್ಲ, ನಾಡಿದ್ದೂ ಅಲ್ಲ. ಆರೋಗ್ಯವಾಗಿರುವ ಮರಿ ಕೆಲವು ವಾರ ಹಸಿದಿರಬಲ್ಲದು. ಹೊಟ್ಟೆಯಲ್ಲಿ ಮೊಟ್ಟೆಯ ಹಳದಿಯ ಉಳಿಕೆ ಇರುತ್ತದೆ. ಕಣ್ಣು ಹಾಲುಗಟ್ಟಿದಂತೆ ನೀಲಿಯಾಗಿದ್ದರೆ ಪೊರೆ ಬಿಡುವವರೆಗೆ ಕೊಡಲೇಬೇಡಿ.

ಎರಡು ಸಲ ಬೇಡ ಅಂದ ಮರಿಗೆ ನಾನು ಚಿಕ್ಕ ಡಬ್ಬಿ ಉಪಾಯ ಮಾಡುತ್ತೇನೆ. ಹೋಟೆಲಿನಿಂದ ಸಾರು ಕಟ್ಟಿಸಿಕೊಂಡು ಬಂದ ಮುಚ್ಚಳದ ಡಬ್ಬಿಗೆ ಗಾಳಿ ತೂತು ಮಾಡಿ. ಒಂದು ಟಿಶ್ಯೂ ಮುದುಡಿ ಹಾಕಿ. ಬಿಸಿ ಮಾಡಿದ ಪಿಂಕಿ, ಪಕ್ಕದಲ್ಲಿ ಹಾವು, ಮುಚ್ಚಳ. ಅದನ್ನು ಅದರ ಮನೆಯೊಳಗೇ ಬೆಚ್ಚಗಿನ ತುದಿಗೆ ಹತ್ತಿರ ಇಟ್ಟು, ಮೇಲೆ ಬಟ್ಟೆ ಮುಚ್ಚಿ ಮಲಗಿ. ಇಕ್ಕಟ್ಟು, ಕತ್ತಲೆ, ಪಕ್ಕದಲ್ಲೇ ವಾಸನೆ. ಎಷ್ಟೋ ಮರಿಗಳು ಇಷ್ಟಕ್ಕೇ ತಿಂದುಬಿಡುತ್ತವೆ. ತೆರೆದು ತೆರೆದು ನೋಡಬೇಡಿ, ದಯವಿಟ್ಟು.

ಅದಕ್ಕೂ ಬಗ್ಗದಿದ್ದರೆ ಪಿಂಕಿಯನ್ನು ವಾಸನೆಯಿಲ್ಲದ ಸೋಪಿನಲ್ಲಿ ತೊಳೆದು, ಸೋಪು ಪೂರ್ತಿ ಹೋಗುವಂತೆ ಜಾಲಿಸಿ, ಒರೆಸಿ, ಬಿಸಿ ಮಾಡಿ ಕೊಡಿ. ಕಾಡಿನಲ್ಲಿ ಈ ಮರಿಗಳು ಹಲ್ಲಿಗಳನ್ನೂ ಮರಗಪ್ಪೆಗಳನ್ನೂ ತಿನ್ನುತ್ತವೆ. ಇಲಿಯ ವಾಸನೆ ಅವಕ್ಕೆ ಊಟದ ವಾಸನೆ ಅನ್ನಿಸದೇ ಇರಬಹುದು. ಹಾಗಾಗಿ ಮುಂದಿನ ಮೆಟ್ಟಿಲು ಹಲ್ಲಿಯ ವಾಸನೆ. ಅನೋಲ್ ಹಲ್ಲಿ ಸಾಕುವ ಯಾರಾದರೂ ಪರಿಚಯವಿದ್ದರೆ ಅದು ಬಿಟ್ಟ ಪೊರೆ ಕೇಳಿ ತಂದು ನೆನೆಸಿ ಪಿಂಕಿಗೆ ಉಜ್ಜಿ. ಗೋಡೆಯ ಮೇಲಿನ ಹಲ್ಲಿ ಹಿಡಿದು ಕೊಡಬೇಡಿ, ಅದರಿಂದ ಹಾವಿನ ಹೊಟ್ಟೆಗೆ ಹುಳುಗಳು ಬರಬಹುದು. ಬಾಟಲಿಯಲ್ಲಿ ಸಿಗುವ ವಾಸನೆ ಸ್ಪ್ರೇಗಳಿಂದ ನನಗೆ ಒಂದು ಸಲವೂ ಕೆಲಸ ಆಗಿಲ್ಲ. ಇನ್ನೊಂದು ದಾರಿ, ಸತ್ತ ಪಿಂಕಿಯ ತಲೆಗೆ ಸೂಜಿಯಲ್ಲಿ ಚುಚ್ಚಿ ಒಳಗಿನ ಮೆದುಳು ಒಂದು ಹನಿಯಷ್ಟು ಹೊರಬರುವಂತೆ ಮಾಡುವುದು. ಮಾಡಲು ಕಷ್ಟವಾಗುತ್ತದೆ, ಗೊತ್ತು. ಆದರೆ ಫಲ ಕೊಡುತ್ತದೆ.

2019ರಲ್ಲಿ ನನ್ನ ಹತ್ತಿರ ಒಂದು ಮರಿ ಐದು ವಾರ ಏನೂ ತಿನ್ನಲಿಲ್ಲ. ಅಡುಗೆಮನೆಯದಲ್ಲದ ಒಂದು ಸಣ್ಣ ತಕ್ಕಡಿಯಲ್ಲಿ ವಾರವಾರ ಗ್ರಾಂ ಲೆಕ್ಕದಲ್ಲಿ ತೂಗಿ ಬರೆದಿಡುತ್ತಿದ್ದೆ: 6.3, 6.2, 6.2, 6.0, 5.9. ಆರನೇ ವಾರ ತೊಳೆದ ಪಿಂಕಿ, ಸಾರಿನ ಡಬ್ಬಿ. ಬೆಳಿಗ್ಗೆ ಮುಚ್ಚಳ ತೆಗೆದರೆ ಟಿಶ್ಯೂ ಮಾತ್ರ ಇತ್ತು. ಹಾವಿನ ನಡುವಿನಲ್ಲಿ ಗೋಲಿಯಷ್ಟು ಉಬ್ಬು. ಆ ಪುಟ ಇವತ್ತಿಗೂ ನನ್ನ ಹತ್ತಿರ ಇದೆ. ತೂಕ ಹತ್ತನೇ ಒಂದು ಭಾಗದಷ್ಟು ಇಳಿದರೆ ಮಾತ್ರ ಸರೀಸೃಪ ನೋಡುವ ವೈದ್ಯರ ಹತ್ತಿರ ಹೋಗಿ. ಬಾಯಿ ತೆರೆದು ತುರುಕುವ ಕೆಲಸ ಅವರದು. ಮನೆಯಲ್ಲಿ ಮಾಡಿದರೆ ಗಂಟಲು ಹರಿಯುತ್ತದೆ, ಇಲ್ಲವೇ ಸಂಜೆಯೊಳಗೆ ಕಕ್ಕುತ್ತದೆ.

ಜೀವಂತ ಪಿಂಕಿ ಕೊಡಬಹುದೇ? ವೈದ್ಯರ ಬಾಗಿಲು ತಟ್ಟುವ ಮುಂಚೆ ಕೊನೆಯ ದಾರಿಯಾಗಿ, ಹುಟ್ಟಿ ಒಂದೆರಡು ದಿನದ್ದು, ಅದೂ ಒಂದು ಗಂಟೆ ಮಾತ್ರ. ತಿನ್ನದಿದ್ದರೆ ತಾಯಿಯ ಹತ್ತಿರ ವಾಪಸ್ ಬಿಡಿ. ಕೂದಲು, ಹಲ್ಲು ಬಂದ ಜೀವಂತ ಇಲಿಯನ್ನು ಎಂದೂ ಕೊಡಬೇಡಿ. ಮಕ್ಕಳಿಗೆ "ತೋರಿಸಲು" ಅಂತ ಹಾಕುವವರಿದ್ದಾರೆ. ಇಲಿ ಹಾವನ್ನು ಕಚ್ಚುತ್ತದೆ, ಬೆನ್ನೆಲುಬು ಕಾಣುವಷ್ಟು.

ತಿಂದ ಮೇಲೆ ಎರಡು ದಿನ ಎತ್ತಬೇಡಿ. ಕಕ್ಕಿದರೆ ಹತ್ತರಿಂದ ಹದಿನಾಲ್ಕು ದಿನ ನೀರು ಮಾತ್ರ. ಬಿಸಿ ಎಷ್ಟಿದೆ ಎಂದು ಮತ್ತೆ ನೋಡಿ. ಆಮೇಲೆ ಇನ್ನೂ ಸಣ್ಣ ಪಿಂಕಿ ಕೊಡಿ.

ಇಲಿ ಸಾಕಬೇಕೇ?

ಒಂದೆರಡು ಹಾವಿಗಾಗಿ ಬೇಡ. ಹತ್ತು ಹಾವು ಇದ್ದರೆ ಯೋಚಿಸಿ.

ಸಾಕುವುದೇ ಆದರೆ ಒಂದು ಗಂಡಿಗೆ ಮೂರು ಹೆಣ್ಣು. ಬಸಿರು ಸುಮಾರು 20 ದಿನ. ಹೆತ್ತ ದಿನವೇ ಹೆಣ್ಣು ಮತ್ತೆ ಬಸಿರಾಗಬಲ್ಲದು. ಅದಕ್ಕೇ ಹೊಟ್ಟೆ ತುಂಬಿಕೊಂಡ ಹೆಣ್ಣನ್ನು ಬೇರೆ ಡಬ್ಬಿಗೆ ಹಾಕಿ, ಮರಿಗಳು ಹಾಲು ಬಿಟ್ಟ ಮೇಲೂ ಒಂದೆರಡು ವಾರ ಸುಧಾರಿಸಿಕೊಳ್ಳಲು ಬಿಡಿ. ಮೂರು ವಾರಕ್ಕೆ ಹಾಲು ಬಿಟ್ಟ ಮರಿಗಳಲ್ಲಿ ಗಂಡು, ಹೆಣ್ಣು ಬೇರೆ ಮಾಡಿ. ಆರು ವಾರಕ್ಕೆಲ್ಲ ಅವೂ ಮರಿ ಹಾಕಲು ರೆಡಿ. ಹಾಸಲು ಆಸ್ಪೆನ್ ಮರದ ಹೊಟ್ಟು ತನ್ನಿ. ದೇವದಾರಿನ ಘಮಘಮ ಹೊಟ್ಟು ಇಲಿಗೂ ಕೆಟ್ಟದ್ದು, ಹಾವಿಗೂ ಕೆಟ್ಟದ್ದು. ಇಲಿಗೆಂದೇ ಮಾಡಿದ ಗಟ್ಟಿ ಆಹಾರ, ತಲೆಕೆಳಗಾಗಿ ತೂಗುವ ನೀರಿನ ಬಾಟಲಿ, ಓಡಲು ಒಂದು ಚಕ್ರ. ವಾರಕ್ಕೊಮ್ಮೆ ಹೊಟ್ಟು ಬದಲಿಸಿ. ಮುಚ್ಚಳ ತೆಗೆದಾಗ ಕಣ್ಣು ಉರಿದರೆ ಅಷ್ಟು ಹೊತ್ತೂ ಇಲಿಗಳ ಕಣ್ಣು ಉರಿಯುತ್ತಿತ್ತು ಅಂತಲೇ ಅರ್ಥ. ಮನೆಯಲ್ಲಿ ಬಸುರಿ ಇದ್ದರೆ ಇಲಿ ಸಾಕುವುದನ್ನೇ ಬಿಡಿ. ಇಲಿಯಿಂದ ಬರುವ ಒಂದು ವೈರಸ್ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ.

ಕೊಲ್ಲುವ ಮಾತನ್ನು ಯಾರೂ ಮೊದಲು ಕೇಳುವುದಿಲ್ಲ. ಜೀವಂತವಾಗಿ ಫ್ರೀಜರ್‌ಗೆ ಹಾಕುವುದು ಹಿಂಸೆ. ಬಹಳ ಜನ ಮಾಡುವುದು ಅದನ್ನೇ. ನೋವಾಗದಂತೆ ಹೇಗೆ ಅಂತ ಪಶುವೈದ್ಯರ ಹತ್ತಿರ ಎದುರು ನಿಂತು ಕಲಿಯಿರಿ. ಆ ಕೆಲಸ ನನ್ನಿಂದಾಗದು ಅನ್ನಿಸಿದರೆ ಫ್ರೀಜ್ ಆದದ್ದನ್ನೇ ಕೊಳ್ಳಿ. ಹನ್ನೆರಡು ಪಿಂಕಿ ಒಂದು ಸಣ್ಣ ಟಿಫಿನ್ ಡಬ್ಬಿಯಲ್ಲಿ ಹಿಡಿಸುತ್ತವೆ. ಮುಚ್ಚಳದ ಮೇಲೆ ಕೊಂಡ ತಾರೀಕು ಬರೆಯಿರಿ, ಆರು ತಿಂಗಳೊಳಗೆ ಮುಗಿಸಿ.